ಸಾಕ್ಷಿಗೆ ಕರೆದ ಮುಳ್ಳುಂಡೆ

ನಾನು ಒಂದು ಕಡಲ ಮುಳ್ಳುಚೆಂಡು. ಓದಿದವರು ನನ್ನನ್ನು ಸೀ ಅರ್ಚಿನ್ ಎನ್ನುತ್ತಾರೆ. ಕಡವಿನಕೇರಿಯ ಹೆಂಗಸರು ಮುಳ್ಳುಂಡೆ ಎನ್ನುತ್ತಾರೆ. ನನಗೆ ತಲೆಯಿಲ್ಲ, ಕಣ್ಣಿಲ್ಲ, ಮುಂದು ಹಿಂದು ಎಂಬುದೂ ಇಲ್ಲ. ಬಾಯಿ ಇದೆ, ಆದರೆ ಅದು ನನ್ನ ಅಡಿಯಲ್ಲಿದೆ. ಇಂಥ ದೇಹ ಇಟ್ಟುಕೊಂಡು ಜಗತ್ತನ್ನು ಅರ್ಥಮಾಡಿಕೊಳ್ಳುವುದು ಸುಲಭವಲ್ಲ. ನನ್ನ ಕಥೆಯಲ್ಲಿ ನನಗೇ ಇನ್ನೂ ತಿಳಿಯದ ಸಂಗತಿಗಳು ಬಹಳ ಇವೆ. ಕಾಣಲಾಗದ್ದನ್ನು ಮನುಷ್ಯರ ಮಾತಿನಿಂದ ತಿಳಿದುಕೊಂಡು, ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನನ್ನ ಹುಟ್ಟೇ ಗೊಂದಲದ್ದು. ನನ್ನ ತಾಯಿ ತಂದೆ ಒಬ್ಬರನ್ನೊಬ್ಬರು ಮುಟ್ಟಿದವರಲ್ಲ. ನೀರು ಬೆಚ್ಚಗಾದ ಒಂದು ದಿನ ತಾಯಿ ತನ್ನ ಮೊಟ್ಟೆಗಳನ್ನು ಕಡಲಿಗೆ ಬಿಟ್ಟಳು. ಹತ್ತಿರದ ಯಾವುದೋ ಕಲ್ಲಿನ ಮೇಲಿದ್ದ ತಂದೆ ಹಾಲಿನಂಥ ಏನನ್ನೋ ಬಿಟ್ಟ. ಎರಡೂ ಅಲೆಯಲ್ಲಿ ಕಲೆತು ನಾನಾದೆ. ಆಗ ನನಗೆ ಮುಳ್ಳಿರಲಿಲ್ಲ, ನಾನು ಉಂಡೆಯೂ ಆಗಿರಲಿಲ್ಲ. ಬಟ್ಟೆ ಕಿತ್ತುಹೋದ ಛತ್ರಿಯ ಕಡ್ಡಿಗಳ ಹಾಗೆ ಕೈಗಳನ್ನು ಚಾಚಿಕೊಂಡು, ಕಡಲು ಒಯ್ದಲ್ಲಿಗೆ ಹೋಗುತ್ತಿದ್ದೆ. ನನ್ನಂಥವು ಸುತ್ತಲೂ ಲೆಕ್ಕವಿಲ್ಲದಷ್ಟು ತೇಲುತ್ತಿದ್ದವು. ಮೀನು ಬಾಯಿ ತೆರೆದಾಗಲೆಲ್ಲ ಒಂದಷ್ಟು ಕಡಿಮೆಯಾಗುತ್ತಿದ್ದವು. ನಾನು ಏಕೆ ಉಳಿದೆನೋ ಗೊತ್ತಿಲ್ಲ.

ಹಾಗೆ ತೇಲುತ್ತಿದ್ದಾಗ ನನ್ನೊಳಗೇ ಬೇರೊಂದು ದೇಹ ಬೆಳೆಯತೊಡಗಿತು. ಒಂದು ದಿನ ಒಳಗಿದ್ದದ್ದು ಹೊರಗೆ ಬಂತು, ಹೊರಗಿದ್ದ ಕೈಗಳು ಕರಗಿಹೋದವು. ಎಚ್ಚರವಾದಾಗ ನಾನು ಸಾಸಿವೆ ಕಾಳಿನಷ್ಟು ಗಾತ್ರದ ಉಂಡೆಯಾಗಿ ಒಂದು ಕಪ್ಪು ಕಲ್ಲಿಗೆ ಅಂಟಿಕೊಂಡಿದ್ದೆ. ತೇಲುತ್ತಿದ್ದವಳು ನಾನೋ, ಕಲ್ಲಿಗೆ ಅಂಟಿದವಳು ನಾನೋ ಎಂದು ಬಹಳ ದಿನ ಯೋಚಿಸಿದೆ. ಆಮೇಲೆ ಹಸಿವಾಯಿತು, ಯೋಚನೆ ಬಿಟ್ಟು ಕಲ್ಲಿನ ಪಾಚಿ ಕೆರೆಯತೊಡಗಿದೆ.

ಆ ಕಲ್ಲು ಇದ್ದದ್ದು ಕಡವಿನಕೇರಿಯಲ್ಲಿ. ಕುಮಟೆಯಿಂದ ತೆಂಕಣಕ್ಕೆ ಬಂದರೆ ಒಂದು ಸಣ್ಣ ಹೊಳೆ ಕಡಲು ಸೇರುವ ಅಳಿವೆ ಸಿಗುತ್ತದೆ. ಅಳಿವೆಯ ಒಂದು ಮಗ್ಗುಲಲ್ಲಿ ಮೀನುಗಾರರ ಕೇರಿ, ದೋಣಿಗಳನ್ನು ಮೇಲೆಳೆಯುವ ಇಳಿಜಾರು, ಅದರ ಪಕ್ಕದಲ್ಲಿ ನಮ್ಮ ಕಲ್ಲುಗಳ ಸಾಲು. ಇನ್ನೊಂದು ಮಗ್ಗುಲಲ್ಲಿ, ನಾನು ಕೈಬೆರಳಿನಷ್ಟು ಅಗಲವಾಗುವ ಹೊತ್ತಿಗೆ, ಮೀನನ್ನು ಬೇಯಿಸಿ ಪುಡಿ ಮಾಡುವ ಒಂದು ಕಾರ್ಖಾನೆ ಬಂತು. ಇದೆಲ್ಲ ನನಗೆ ಆಮೇಲೆ ಮನುಷ್ಯರ ಮಾತಿನಿಂದ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು ನನ್ನ ಕಲ್ಲು, ನನ್ನ ಗುಳಿ, ಅಕ್ಕಪಕ್ಕದ ಚಿಪ್ಪಿಕಲ್ಲುಗಳು ಅಷ್ಟೇ. ಚಿಪ್ಪಿಕಲ್ಲು ಎಂದರೆ ಬಂಡೆಗೆ ದಟ್ಟವಾಗಿ ಕಚ್ಚಿಕೊಂಡಿರುವ, ಎರಡು ಚಿಪ್ಪಿನ ಜೀವ. ಮಾತಾಡದ ನೆರೆಹೊರೆ. ಒಳ್ಳೆಯ ನೆರೆಹೊರೆ.

ಅವುಗಳನ್ನು ಕೀಳಲು ನೀರಿಳಿದಾಗ ಹೆಂಗಸರು ಬರುತ್ತಿದ್ದರು. ನಾನು ಅವರನ್ನು ಕೆಳಗಿನಿಂದ ಬಲ್ಲೆ. ಒಂದೊಂದು ಪಾದಕ್ಕೂ ಒಂದೊಂದು ತೂಕ. ತುಳಸು ಎಂಬುವಳ ಪಾದ ಎಲ್ಲರಿಗಿಂತ ಮೆಲ್ಲಗೆ ಬೀಳುತ್ತಿತ್ತು. ಆದರೂ ಒಮ್ಮೆ ಅಲೆ ತಳ್ಳಿ ಅವಳ ಹಿಮ್ಮಡಿ ನನ್ನ ಮೇಲೆ ಬಂತು. ನನ್ನ ಎರಡು ಮುಳ್ಳು ಅವಳೊಳಗೆ ಮುರಿದವು. ಅವಳು ಅಲ್ಲೇ ಕುಕ್ಕರಿಸಿ ಕೂತಳು.

“ಎಂತಾತೆ ಅತ್ಗೆ?” ಎಂದು ಅವಳ ನಾದಿನಿ ಸೋಮಿ ಕೇಳಿದಳು.

“ಮುಳ್ಳುಂಡೆ ಚುಚ್ತು. ತಪ್ಪು ಅದ್ರದ್ದಲ್ಲ, ನಾನೇ ಅದ್ರ ಮನೆ ಮೇಲೆ ಕಾಲಿಟ್ಟೆ.”

ಮನುಷ್ಯರ ಮಾತು ನನಗೆ ಮೊದಮೊದಲು ಬರಿಯ ನೀರಿನ ಅದುರಾಗಿ ಬರುತ್ತಿತ್ತು. ಕೇಳಿ ಕೇಳಿ ಅದರೊಳಗೆ ಅರ್ಥವಿದೆ ಎಂದು ತಿಳಿಯಿತು. ತುಳಸುವಿನ ಗಂಡನ ಹೆಸರು ಜಟ್ಟಿ. ಅವನು ಇಳಿಜಾರಿನಲ್ಲಿ ದೋಣಿಗಳ ಅಡಿ ಕೆರೆದು, ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದ. ಕೇರಿಯ ಯಾವ ದೋಣಿಯೂ ಅವನ ಕೈ ದಾಟದೆ ಕಡಲಿಗಿಳಿಯುತ್ತಿರಲಿಲ್ಲ. ಅದನ್ನು ಹೇಳುವಾಗ ತುಳಸುವಿನ ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ಆಮೇಲೆ ನೀರು ಬದಲಾಯಿತು.

ಅದನ್ನು ಹೇಗೆ ಹೇಳಬೇಕೋ ತಿಳಿಯುವುದಿಲ್ಲ. ಕೆಲವು ದಿನ ನೀರು ಜಿಡ್ಡಾಗಿ, ಕೊಳೆತ ವಾಸನೆಯಿಂದ ಬರುತ್ತಿತ್ತು, ಉಸಿರು ಸಾಲದ ಹಾಗೆ ಆಗುತ್ತಿತ್ತು. ಇನ್ನು ಕೆಲವು ದಿನ ವಾಸನೆಯೇ ಇಲ್ಲದ, ತಿಳಿಯಾದ ನೀರು ಬರುತ್ತಿತ್ತು, ಆದರೆ ಅದು ತಾಗಿದ ಕಡೆ ನನ್ನ ಚರ್ಮ ಕುಗ್ಗುತ್ತಿತ್ತು. ಹೊಲಸು ನೀರು ಒಳ್ಳೆಯದೋ, ತಿಳಿನೀರು ಒಳ್ಳೆಯದೋ ನನಗೆ ಗೊತ್ತಾಗಲಿಲ್ಲ. ನೀರು ಎಲ್ಲ ಕಡೆಯಿಂದಲೂ ಬರುತ್ತದೆ. ಇದು ಇಂಥವರ ಮನೆಯಿಂದ ಬಂತು ಎಂದು ಅದು ಹೇಳುವುದಿಲ್ಲ.

ನನ್ನ ಪಕ್ಕದ ಗುಳಿಯಲ್ಲಿದ್ದ ದೊಡ್ಡ ಮುಳ್ಳುಂಡೆ ಮೊದಲು ಮುಳ್ಳು ಬಾಗಿಸಿತು. ಆಮೇಲೆ ಒಂದೊಂದಾಗಿ ಉದುರಿಸಿತು. ಕೊನೆಗೆ ಬೋಳು ಚಿಪ್ಪಾಗಿ ಅಲೆಯೊಂದಿಗೆ ಹೋಯಿತು. ಚಿಪ್ಪಿಕಲ್ಲುಗಳು ಬಾಯಿ ತೆರೆದು ಮುಚ್ಚುವುದನ್ನು ಮರೆತವು. ಬಂಡೆಯ ಮೇಲೆ ಎಳೆಯ ಚಿಪ್ಪು ಹೊಸದಾಗಿ ಬಂದು ಕೂರುವುದು ನಿಂತೇ ಹೋಯಿತು. ನನ್ನ ಮುಳ್ಳುಗಳೂ ಸಡಿಲವಾದವು.

ತುಳಸು ಬುಟ್ಟಿಯ ತಳ ಮುಚ್ಚುವಷ್ಟೂ ಸಿಗದೆ ಕಲ್ಲಿನ ಮೇಲೆ ಕೂತು ಹೇಳಿದಳು: “ಆ ಫ್ಯಾಕ್ಟರಿ ಬಂದ್ ಮೇಲೇ ಇದೆಲ್ಲ. ವಾಸ್ನೆ ಬಂದ ದಿನ ಹೊಟ್ಟೆ ತೊಳಸ್ತದೆ. ನಮ್ಗೇ ಹೀಂಗಾದ್ರೆ ಈ ಚಿಪ್ಪಿಗೆ ಹ್ಯಾಂಗಾಗೂದು?”

ಸೋಮಿ ಎಂದಳು, “ಹೇಳಿದ್ರೆ ಕೇಳೂರ್ಯಾರು? ಅವ್ರು ನೀರು ಸೋಸೇ ಬಿಡ್ತೇವೆ ಅಂತಾರೆ.”

ಕೇಳುವವರು ಬಂದದ್ದು ಮಳೆಗಾಲ ಕಳೆದ ಮೇಲೆ. ಹೊನ್ನಾವರದ ಕಡೆಯ ಹೆಂಗಸು, ಹೆಸರು ರೆಜಿನಾ. ಪೇಟೆಯಲ್ಲಿದ್ದ ಕಡಲ ಅಧ್ಯಯನ ಕೇಂದ್ರವೊಂದರಲ್ಲಿ ನೀರಿನ ಪರೀಕ್ಷೆ ಮಾಡುವುದು ಅವಳ ಕೆಲಸ. ಕೇರಿಯವರೇ ಹೋಗಿ ಅವಳನ್ನು ಕರೆದಿದ್ದರು. ಶಾಲೆಯಲ್ಲಿ ಕಲಿಸದಿದ್ದರೂ ತುಳಸು ಅವಳನ್ನು ಅಕ್ಕೋರೆ ಎಂದೇ ಕರೆದಳು. ರೆಜಿನಾ ಬಂಡೆಯ ಮೇಲೆ ಬಗ್ಗಿ, ಕೈಗವಸು ಹಾಕಿಕೊಂಡು, ನನ್ನನ್ನು ಗುಳಿಯಿಂದ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿದಳು.

ನಾನು ಕಲ್ಲನ್ನು ಬಲವಾಗಿ ಹಿಡಿದೆ. ನನ್ನ ಕೆಲವು ಪುಟ್ಟ ಕಾಲುಗಳು ಕಲ್ಲಿನಲ್ಲೇ ಕಿತ್ತು ಉಳಿದವು. ಮೊದಲ ಸಲ ನಾನು ಗಾಳಿಯಲ್ಲಿದ್ದೆ. ಮೇಲು ಯಾವುದು ಕೆಳಗು ಯಾವುದು ಎಂಬುದೂ ಹೋಯಿತು.

“ಇದ್ನ ಎಂತಕ್ಕೆ ಅಕ್ಕೋರೆ?” ತುಳಸು ಕೇಳಿದಳು. “ತಿನ್ನೂಕೆ ಬರೂದಿಲ್ಲ, ಮಾರೂಕೆ ಬರೂದಿಲ್ಲ.”

“ನೀರಲ್ಲಿ ಏನೇನು ಕಲೆತಿದೆ ಅಂತ ಯಂತ್ರ ಹೇಳ್ತದೆ ತುಳಸಕ್ಕ. ಅದ್ರಿಂದ ಜೀವಕ್ಕೆ ಕೇಡಾಗ್ತದಾ ಇಲ್ವಾ ಅನ್ನೋದನ್ನ ಜೀವವೇ ಹೇಳ್ಬೇಕು. ಇದು ಅದನ್ನ ಬೇಗ ಹೇಳ್ತದೆ. ಇದ್ರ ಮರಿಗಳು ಇನ್ನೂ ಬೇಗ.”

“ಹೇಳೂಕೆ ಇದ್ಕೆ ಬಾಯಿ ಎಲ್ಲದೆ?”

ರೆಜಿನಾ ನನ್ನನ್ನು ಅಂಗಾತ ತಿರುಗಿಸಿದಳು. ನನ್ನ ಐದು ಹಲ್ಲುಗಳು ಬಿಸಿಲಿಗೆ ತೆರೆದುಕೊಂಡವು. ತುಳಸು ಬಗ್ಗಿ ನೋಡಿ ನಕ್ಕಳು. “ಅಬ್ಬ, ಇಷ್ಟ್ ವರ್ಷ ಪಕ್ಕದಲ್ಲೇ ಕೆಲ್ಸ ಮಾಡ್ದೆ, ಇದ್ರ ಮುಖ ಇವತ್ತೇ ಕಂಡದ್ದು.”

ಅದು ನನ್ನ ಮುಖವೇ ಎಂದು ನನಗೂ ಅಂದೇ ತಿಳಿದದ್ದು.

ಬಕೆಟ್ಟಿನಲ್ಲಿ ಕುಲುಕಿಕೊಂಡು ನಾನು ಪೇಟೆಗೆ ಹೋದೆ. ಅಲ್ಲಿ ಒಂದು ಗಾಜಿನ ತೊಟ್ಟಿ. ನೀರು ಶುದ್ಧವಾಗಿತ್ತು, ದೂರದ ಕಡಲಿನಿಂದ ತಂದದ್ದಂತೆ. ಆದರೆ ಅದು ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಒಂದು ಕೊಳವೆಯಿಂದ ಗುಳ್ಳೆಗಳು ಬರುತ್ತಲೇ ಇದ್ದವು. ಕಡಲಿಗೆ ಏನಾಯಿತು ಎಂದು ಗಾಬರಿಯಾದೆ. ಎಲ್ಲಿಗೆ ಹೋದರೂ ಗಾಜು ಸಿಗುತ್ತಿತ್ತು. ಗಾಜು ಎಂದರೆ ರುಚಿಯಿಲ್ಲದ ಕಲ್ಲು ಎಂದು ತಿಳಿದು ಬಹಳ ದಿನ ಅದನ್ನೇ ಕೆರೆದೆ. ರೆಜಿನಾ ಕಡಲಸೊಪ್ಪು ತಂದು ಹಾಕಿದಳು. ತಿಂದೆ. ಉದುರಿದ ಮುಳ್ಳುಗಳ ಜಾಗದಲ್ಲಿ ಹೊಸ ಮುಳ್ಳು ಚಿಗುರಿತು. ಹೊಟ್ಟೆ ತುಂಬಿತು, ಮೈ ಗಟ್ಟಿಯಾಯಿತು. ಹೀಗೆ ಸುಖ ಬಂದಾಗಲೂ ಅದೇಕೆ ಬಂತು ಎಂದು ಗೊತ್ತಾಗಲಿಲ್ಲ.

ಕಾರಣ ಒಂದು ಬೆಳಿಗ್ಗೆ ತಿಳಿಯಿತು. ರೆಜಿನಾ ನನ್ನ ಬಾಯಿಯ ಪಕ್ಕದ ಮೆತ್ತನೆಯ ಚರ್ಮಕ್ಕೆ ಸೂಜಿ ಚುಚ್ಚಿ ಏನೋ ಉಪ್ಪುನೀರು ಬಿಟ್ಟಳು. ನನ್ನ ಮೈಯೆಲ್ಲ ಒಮ್ಮೆ ಬಿಗಿಯಿತು. ನನ್ನನ್ನು ಒಂದು ಗಾಜಿನ ಲೋಟದ ಬಾಯಿಗೆ ಬೋರಲು ಕೂರಿಸಿದಳು. ನಾನು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಆದರೂ ನನ್ನ ಮೊಟ್ಟೆಗಳು ಹಳದಿ ನೂಲಿನ ಹಾಗೆ ನೀರಿಗೆ ಇಳಿದವು. ಪಕ್ಕದ ಲೋಟದಲ್ಲಿ ಒಬ್ಬ ಗಂಡು ಮುಳ್ಳುಂಡೆ ಬಿಳಿ ಮೋಡ ಬಿಡುತ್ತಿದ್ದ. ಅವನ ಪರಿಚಯ ನನಗಿರಲಿಲ್ಲ.

ರೆಜಿನಾ ಎರಡನ್ನೂ ಕೂಡಿಸಿ ಸಣ್ಣ ಸಣ್ಣ ತಟ್ಟೆಗಳಿಗೆ ಹಂಚಿದಳು. ಒಂದು ತಟ್ಟೆಯಲ್ಲಿ ದೂರದ ಕಡಲಿನ ನೀರು. ಒಂದರಲ್ಲಿ ಕಾರ್ಖಾನೆಯ ಕೊಳವೆ ಅಳಿವೆಗೆ ಬೀಳುವಲ್ಲಿನ ನೀರು. ಒಂದರಲ್ಲಿ ನಮ್ಮ ಕಲ್ಲಿನ ಬಳಿಯ ನೀರು. ಕೊನೆಯದರಲ್ಲಿ ದೋಣಿಯ ಇಳಿಜಾರಿನ ಕೆಳಗಿನ ನೀರು. ಈ ಕೊನೆಯದನ್ನು ಅವಳು ತಂದದ್ದು ಬರಿಯ ಹೋಲಿಕೆಗೆ. ತಿಳಿಯಾಗಿತ್ತು, ವಾಸನೆ ಇರಲಿಲ್ಲ.

ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ನೀರಿನಲ್ಲಿ ಕೂತರು. ನಾನು ತೊಟ್ಟಿಗೆ ಮರಳಿದೆ. ಅವರು ಮೇಜಿನ ಮೇಲಿದ್ದರು. ಹುಟ್ಟಿದ ಮೇಲೆ ಮಕ್ಕಳನ್ನು ನೋಡುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಅಂದು ನಾನು ಗಾಜಿನ ಆ ಮೂಲೆ ಬಿಟ್ಟು ಕದಲಲಿಲ್ಲ. ಏಕೆಂದು ಕೇಳಿದರೆ ಉತ್ತರ ನನ್ನಲ್ಲಿಲ್ಲ.

ಎರಡನೆಯ ದಿನ ರೆಜಿನಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕೇಂದ್ರದ ಹಿರಿಯರಾದ ಕಾಮತ್ ಸರ್ ಅವರನ್ನು ಕರೆದಳು.

“ದೂರದ ನೀರಲ್ಲಿ ಎಲ್ಲವೂ ಚೆನ್ನಾಗಿ ಬೆಳೆದಿದಾವೆ ಸರ್. ಕೈ ಉದ್ದ, ಎಲುಬು ನೇರ. ಫ್ಯಾಕ್ಟರಿ ನೀರಲ್ಲಿ ಅರ್ಧಕ್ಕಿಂತ ಜಾಸ್ತಿ ಕುಗ್ಗಿವೆ, ಕೈ ಸೊಟ್ಟ. ಕಲ್ಲಿನ ಬಳಿಯ ನೀರಲ್ಲೂ ಬೆಳೆದದ್ದು ಕೆಲವೇ. ಇಷ್ಟು ನಾವು ಅಂದುಕೊಂಡದ್ದೇ. ಆದ್ರೆ ಇಳಿಜಾರಿನ ನೀರು ನೋಡಿ.”

ಕಾಮತರು ನೋಡಿದರು. “ಒಂದೂ ಬೆಳೆದಿಲ್ಲವಲ್ಲ.”

“ಮೊಟ್ಟೆ ಎರಡಾಗೋದ್ರಲ್ಲೇ ನಿಂತುಹೋಗಿದೆ.”

“ಬಾಟ್ಲಿ ಅದಲುಬದಲಾಗಿರಬೇಕು ರೆಜಿನಾ.”

“ನಾನೂ ಹಾಗೇ ಅಂದ್ಕೊಂಡೆ ಸರ್. ಬಾಟ್ಲಿ ಮೇಲೆ ನನ್ನ ಕೈಬರಹವೇ ಇದೆ.”

ಮತ್ತೆ ನೀರು ತಂದರು. ನನಗೆ ಸ್ವಲ್ಪ ಕಾಲ ವಿಶ್ರಾಂತಿ ಕೊಟ್ಟು, ನನ್ನಂಥ ಬೇರೆಯವರಿಂದ ಮೊಟ್ಟೆ ತೆಗೆದರು. ಅದೇ ಉತ್ತರ ಬಂತು. ಆಮೇಲೆ ಮತ್ತೆ ನನ್ನಿಂದ. ಅದೇ ಉತ್ತರ. ನೀರನ್ನು ಯಂತ್ರಕ್ಕೆ ಹಾಕಿದಾಗ ಅದರಲ್ಲಿ ತಾಮ್ರ ಬಹಳವಿದೆ ಎಂದು ಕಂಡಿತು. ರೆಜಿನಾ ಕುರ್ಚಿಯಲ್ಲಿ ಕೂತು, ಊಟದ ಡಬ್ಬಿಯನ್ನು ತೆರೆದಿಟ್ಟು, ಉಣ್ಣದೆ ಕೂತಳು. ಅವಳಿಗೆ ಉತ್ತರ ಸಿಕ್ಕಿತ್ತು. ಅದು ಅವಳು ಹುಡುಕಿದ ಉತ್ತರವಾಗಿರಲಿಲ್ಲ. ಇದಕ್ಕೆ ನಾನು ಕಾರಣವೋ, ನನ್ನ ಮಕ್ಕಳು ಕಾರಣವೋ ಎಂದು ನನಗೆ ಕಸಿವಿಸಿಯಾಯಿತು.

ಆ ವಾರವೇ ತುಳಸು ಮತ್ತು ಜಟ್ಟಿ ಕೇಂದ್ರಕ್ಕೆ ಬಂದರು. ಜಟ್ಟಿ ನನ್ನ ಹತ್ತಿರ ಬಂದದ್ದು ಅಂದೇ ಮೊದಲು. ದನಿ ಎತ್ತರದಿಂದ ಬರುವ ಮನುಷ್ಯ. ಒಳಗೆ ಬರುವ ಮೊದಲು ಚಪ್ಪಲಿ ಬಿಟ್ಟು ಬಂದ. ತುಳಸು ನೇರ ನನ್ನ ತೊಟ್ಟಿಯ ಬಳಿ ಬಂದು, “ದಪ್ಪ ಆಗಿದೆ ನಮ್ಮುಂಡೆ” ಎಂದಳು.

ರೆಜಿನಾ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮೊದಲು ಒಳ್ಳೆಯ ನೀರಿನ ತಟ್ಟೆ ಇಟ್ಟಳು. ತುಳಸು ಒಂದು ಕಣ್ಣು ಮುಚ್ಚಿ ನೋಡಿದಳು.

“ಎಲ್ಲಾ ಆಡ್ತಾ ಅವೆ. ಇವು ಆ ಉಂಡೆ ಮಕ್ಳಾ? ಹಾಂಗೆ ಕಾಣೂದೇ ಇಲ್ವಲ್ಲ.”

“ಅವ್ಳ ಮಕ್ಕಳೇ. ಈಗ ಇದು ಫ್ಯಾಕ್ಟರಿ ನೀರು.”

“ಪಾಪ. ಸೊಟ್ಟ ಸೊಟ್ಟ ಅವೆ.” ಅವಳು ಗಂಡನ ಕಡೆ ತಿರುಗಿದಳು. “ನಾ ಹೇಳ್ಲಿಲ್ವಾ?”

ರೆಜಿನಾ ಮೂರನೆಯ ತಟ್ಟೆ ಇಟ್ಟಳು. ತುಳಸು ನೋಡಿದಳು, ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

“ಇಲ್ಲಿ ಎಂತದೂ ಇಲ್ವೇ ಅಕ್ಕೋರೆ. ಬರೀ ಕಾಳು ಬಿದ್ದ ಹಾಂಗೆ ಅದೆ.”

“ಅವು ಹುಟ್ಟಲೇ ಇಲ್ಲ ತುಳಸಕ್ಕ. ಅದು ನಿಮ್ಮ ಇಳಿಜಾರಿನ ನೀರು.”

ರೆಜಿನಾ ಜಟ್ಟಿಯನ್ನು ಕೇಳಿದಳು, “ಜಟ್ಟಣ್ಣ, ದೋಣಿ ಅಡಿಗೆ ಹಚ್ತೀರಲ್ಲ ತಾಮ್ರ ಬೆರೆತ ಕೆಂಪು ಬಣ್ಣ, ಅದು ಯಾಕೆ?”

“ಚಿಪ್ಪು ಹಿಡೀಬಾರ್ದಲ್ಲ, ಅದ್ಕೆ. ಅಡಿಗೆ ಚಿಪ್ಪು, ಪಾಚಿ ಹಿಡಿದ್ರೆ ದೋಣಿ ಓಡೂದಿಲ್ಲ, ಎಣ್ಣೆ ಕುಡೀತದೆ, ಮರ ತೂತಾಗ್ತದೆ. ಆ ಬಣ್ಣ ಹಚ್ಚಿದ್ರೆ ಒಂದೂ ಕೂರೂದಿಲ್ಲ.”

“ಹಳೇ ಬಣ್ಣ ಕೆರೆದದ್ದು ಎಲ್ಲಿಗೆ ಹೋಗ್ತದೆ?”

ಜಟ್ಟಿ ಹೆಂಡತಿಯ ಕಡೆ ತಿರುಗಿದ. ನೀರೇರಿದಾಗ ಅಲೆ ಬಂದು ಇಳಿಜಾರನ್ನು ಗುಡಿಸಿಕೊಂಡು ಹೋಗುವುದು ತುಳಸುವಿಗೆ ಗೊತ್ತಿತ್ತು. ಗುಡಿಸಿದ್ದು ಪಕ್ಕದ ಕಲ್ಲುಗಳಿಗೆ ಹೋಗುತ್ತದೆ ಎಂಬುದೂ ಈಗ ಗೊತ್ತಾಯಿತು.

ಅವಳು ಮೆಲ್ಲಗೆ ಹೇಳಿದಳು: “ಚಿಪ್ಪು ಹಿಡೀಬಾರ್ದು ಅಂತ ನೀವು ಅಲ್ಲಿ ಹಚ್ತೀರಿ. ಚಿಪ್ಪು ಹಿಡೀತದೆ ಅಂತ ನಾ ಇಲ್ಲಿ ಬುಟ್ಟಿ ತಕಂಡು ಹೋಗ್ತೆ.”

“ಹಾಂಗಾರೆ ತಪ್ಪು ನಂದಾ?” ಜಟ್ಟಿಯ ದನಿ ಏರಿತು. “ಆ ಫ್ಯಾಕ್ಟರಿಯವ್ರದ್ದು ಎಂತದೂ ಇಲ್ಲ, ಎಲ್ಲಾ ನಮ್ದೇ ಅಂತಾತು. ಅಕ್ಕೋರೆ, ನಾವು ನಿಮ್ಮನ್ನ ಕರ್ಸಿದ್ದು ಇದ್ಕಾ?”

“ಅವರದ್ದೂ ಇದೆ ಜಟ್ಟಣ್ಣ. ಎರಡನೇ ತಟ್ಟೆ ನೀವೂ ನೋಡಿ. ಎರಡೂ ಸೇರಿಯೇ ಕಲ್ಲು ಸತ್ತದ್ದು.”

“ಫ್ಯಾಕ್ಟರಿಯವ್ರ ಜೊತೆ ಕರ್ದ ಮೀಟಿಂಗಲ್ಲಿ ಅವ್ರ ತಟ್ಟೆ ಒಂದೇ ತೋರ್ಸಿ. ಇನ್ನೊಂದು ತೋರಿಸ್ಬೇಡಿ. ಅವ್ರಿಗೆ ಅದೊಂದೇ ಸಾಕು, ನಮ್ಮನ್ನ ಮುಗ್ಸೂಕೆ.”

ರೆಜಿನಾ ತಲೆ ತಗ್ಗಿಸಿದಳು. ಅವಳು ಒಪ್ಪಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೋ ಇಲ್ಲವೋ. ಜಟ್ಟಿ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ತುಳಸು ಹೊರಡುವ ಮೊದಲು ಮೂರನೆಯ ತಟ್ಟೆಯನ್ನು ಇನ್ನೊಮ್ಮೆ ನೋಡಿದಳು.

“ಅಕ್ಕೋರೆ, ಇವು ಒಂದಾದ್ರೂ ಹುಟ್ಟಿದ್ರೆ ನಾ ಎಂತದೂ ಹೇಳ್ತಿರ್ಲಿಲ್ಲ,” ಎಂದಳು. “ನೀವು ಕಂಡದ್ದು ಹೇಳಿ. ಮನೇಲಿ ಆಗೂದು ನನ್ಗೆ ಬಿಡಿ.”

ಮೀಟಿಂಗು ನಡೆದದ್ದು ಕಡವಿನಕೇರಿಯ ಶಾಲೆಯ ಹಜಾರದಲ್ಲಿ. ನನ್ನನ್ನೂ ಒಂದು ಗಾಜಿನ ಭರಣಿಯಲ್ಲಿ ಹಾಕಿ ಒಯ್ದು ಮೇಜಿನ ಮೇಲಿಟ್ಟರು. ಜನ ಬಗ್ಗಿ ಬಗ್ಗಿ ನನ್ನನ್ನು ನೋಡಿದರು. ಸಾಕ್ಷಿ, ಸಾಕ್ಷಿ ಎಂದು ಮಾತಾಡಿಕೊಂಡರು. ನಾನು ಏನು ಕಂಡಿದ್ದೆ? ನನಗೆ ಕಣ್ಣೇ ಇಲ್ಲ. ನನ್ನ ಮೈಗೆ ನೀರು ತಾಗಿತ್ತು, ಅಷ್ಟೇ. ಅದನ್ನು ಇವರು ಸಾಕ್ಷಿ ಎನ್ನುತ್ತಿದ್ದರೆ ಸಾಕ್ಷಿ ಎಂದರೆ ಇನ್ನೇನೋ ಇರಬೇಕು ಎಂದುಕೊಂಡೆ.

ರೆಜಿನಾ ಎದ್ದು ನಿಂತು ಎರಡನ್ನೂ ಹೇಳಿದಳು. ಕಾರ್ಖಾನೆಯ ನೀರಿನ ಚಿತ್ರ ತೋರಿಸಿದಳು, ಇಳಿಜಾರಿನ ನೀರಿನ ಚಿತ್ರವನ್ನೂ ತೋರಿಸಿದಳು.

ಜಟ್ಟಿ ಹೇಳಿದ್ದೇ ಆಯಿತು. ಕಾರ್ಖಾನೆಯ ಮ್ಯಾನೇಜರು ಎದ್ದು, “ನೋಡಿ, ನೀವೇ ಕರೆಸಿದವರು ಹೇಳ್ತಿದಾರೆ. ನಮ್ಮ ನೀರಲ್ಲಿ ಅರ್ಧವಾದ್ರೂ ಬದುಕ್ತದೆ. ನಿಮ್ಮದ್ರಲ್ಲಿ ಒಂದೂ ಇಲ್ಲ,” ಎಂದ. ಹಿಂದಿನ ಸಾಲಿನಿಂದ ಬೈಗುಳ ಬಂತು. ದೋಣಿಯವರು ರೆಜಿನಾಳ ಮೇಲೆ ಸಿಟ್ಟಾದರು, ಕೆಲವರು ಜಟ್ಟಿಯ ಮೇಲೆ. ಮೇಜು ಅಲುಗಿತು. ನನ್ನ ಭರಣಿಯ ನೀರು ತುಳುಕಿ ಚೆಲ್ಲಿತು. ಯಾರು ಯಾರ ಪರ, ಯಾರು ಯಾರಿಗೆ ವಿರೋಧ ಎಂದು ನನಗೆ ಗುರುತು ಹತ್ತಲಿಲ್ಲ. ಎಲ್ಲ ಅದುರೂ ಒಂದೇ ಆಗಿತ್ತು.

ಆಗ ತುಳಸು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕಲ್ಲಿಗೆ ಬರುವಾಗ ಬರುವಂತೆಯೇ.

“ಮ್ಯಾನೇಜರ್ರೇ, ಅರ್ಧ ಬದುಕ್ತದೆ ಅಂದ್ರಿ. ಉಳ್ದರ್ಧ ಎಂತಾತು ಅಂತ ನೀವೇ ಹೇಳಿ,” ಎಂದಳು. ಮ್ಯಾನೇಜರು ಏನೋ ಹೇಳಲು ಹೋದ. ಅವಳು ಕೈ ತೋರಿಸಿ ತಡೆದಳು. “ನಿಲ್ಲಿ, ನಂದು ಮುಗ್ದಿಲ್ಲ. ನಮ್ಮನೆಯವ್ರು ಬಣ್ಣ ಹಚ್ಚೂರು. ಅವ್ರು ಹಚ್ಚಿದ್ದು ಕಡ್ಲಿಗೆ ಹೋತು. ಅದು ನಮ್ಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾತು. ಇನ್ನು ಕೆರ್ದದ್ದು ನೀರಿಗೆ ಬೀಳದ ಹಾಂಗೆ ನಾವು ನೋಡ್ತೇವೆ. ನಿಮ್ಗೆ ಮೊದ್ಲೇ ಗೊತ್ತಿತ್ತು. ನೀವು ಎಂತ ಮಾಡ್ತೀರಿ?”

ಜಟ್ಟಿ ಎದ್ದು ಹೊರಗೆ ಹೋದ.

ಆ ದಿನ ಏನೂ ತೀರ್ಮಾನವಾಗಲಿಲ್ಲ. ಆಮೇಲೆ ಅಧಿಕಾರಿಗಳು ಬಂದರು, ಹೋದರು. ಕಾರ್ಖಾನೆಯವರು ನೀರು ತಂಗುವ ಹೊಂಡವೊಂದನ್ನು ಕಟ್ಟಿಸಿದರು. ಅದು ಕೆಲವು ದಿನ ಕೆಲಸ ಮಾಡುತ್ತದೆ, ಕೆಲವು ದಿನ ಇಲ್ಲ ಎಂದು ರೆಜಿನಾ ಕಾಮತರಿಗೆ ಹೇಳುವುದನ್ನು ಕೇಳಿದ್ದೇನೆ. ಇಳಿಜಾರಿನಲ್ಲಿ ಏನಾಯಿತು ಎಂಬುದು ತುಳಸು ತಿಂಗಳು ತಿಂಗಳು ಕೇಂದ್ರಕ್ಕೆ ಪರೀಕ್ಷೆಯ ನೀರಿನ ಬಾಟ್ಲಿ ತಂದುಕೊಡುವಾಗ ಆಡಿದ ಮಾತುಗಳಿಂದ ತಿಳಿಯಿತು.

ಜಟ್ಟಿ ಬಹಳ ದಿನ ಹೆಂಡತಿಯ ಜೊತೆ ಮಾತಾಡಲಿಲ್ಲವಂತೆ. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದನಂತೆ. ದೋಣಿಯ ಯಜಮಾನರು, “ನಿನ್ನ ಹೆಂಡ್ತಿ ನಮ್ಮ ಮರ್ಯಾದೆ ತೆಗ್ದಳು,” ಎಂದು ಕೆಲವು ಕೆಲಸ ಬೇರೆಯವರಿಗೆ ಕೊಟ್ಟರಂತೆ. ತುಳಸು ಇದನ್ನೆಲ್ಲ ನಗುತ್ತ ಹೇಳುತ್ತಿದ್ದಳು, ಆದರೆ ಹೇಳಿದ ಮೇಲೆ ಸ್ವಲ್ಪ ಹೊತ್ತು ಬಾಟ್ಲಿಯ ಮುಚ್ಚಳ ತಿರುಗಿಸುತ್ತ ನಿಲ್ಲುತ್ತಿದ್ದಳು.

“ನಾ ಮಾಡಿದ್ದು ಸರಿಯೋ ತಪ್ಪೋ ನನ್ಗೇ ತಿಳಿಯೂದಿಲ್ಲ ಅಕ್ಕೋರೆ. ಸರಿ ಅಂತ ಎದ್ದೆ. ಕೂತ ಮೇಲೆ ಹಾಂಗೆ ಅನಿಸ್ಲಿಲ್ಲ.”

“ನನಗೂ ಹಾಗೇ ಆಗ್ತದೆ ತುಳಸಕ್ಕ,” ಎಂದಳು ರೆಜಿನಾ. “ನಿಮ್ಮ ಮನೆ ನೆನಪಾದಾಗೆಲ್ಲ.”

ಆಮೇಲೆ ಒಂದು ದಿನ ತುಳಸು ಬೇರೆಯೇ ಸುದ್ದಿ ತಂದಳು. ಜಟ್ಟಿ ಯಾರಿಗೂ ಹೇಳದೆ ಪೇಟೆಗೆ ಹೋಗಿ ದೊಡ್ಡ ತಾಡಪಾಲು ತಂದಿದ್ದಾನೆ. ದೋಣಿಯಡಿ ಅದನ್ನು ಹಾಸಿ ಬಣ್ಣ ಕೆರೆಯುತ್ತಾನೆ. ಕೆರೆದದ್ದನ್ನು ಗೋಣಿಯಲ್ಲಿ ತುಂಬಿ ಇಡುತ್ತಾನೆ. ನೋಡಿದವರು, “ಜಟ್ಟಿ ಬಣ್ಣ ಒಣಗ್ಸಿ ಹಪ್ಪಳ ಮಾಡ್ತಾನೆ,” ಎಂದು ನಗೆಯಾಡಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಇನ್ನಿಬ್ಬರು ಅವನ ತಾಡಪಾಲನ್ನೇ ಕೇಳಿ ಒಯ್ಯುತ್ತಾರೆ. ಆದರೆ ಬಣ್ಣ ಬದಲಾಗಿಲ್ಲ. ಬೇರೆ ಬಣ್ಣ ಹಚ್ಚಿದರೆ ದೋಣಿಗೆ ಚಿಪ್ಪು ಹಿಡಿಯುತ್ತದೆ. ದೋಣಿ ಓಡದಿದ್ದರೆ ಕೇರಿ ಉಣ್ಣುವುದೇನು? ಗೋಣಿಗಳು ಇಳಿಜಾರಿನ ಮೇಲಿನ ಗುಡಿಸಲಲ್ಲಿ ಹಾಗೇ ಕೂತಿವೆ. ಅವುಗಳನ್ನು ಎಲ್ಲಿ ಹಾಕಬೇಕೆಂದು ಯಾರೂ ಹೇಳಿಲ್ಲ.

ನನಗೆ ವಯಸ್ಸಾಯಿತು. ಸೂಜಿ ಚುಚ್ಚಿದರೂ ಮೊಟ್ಟೆ ಬರುವುದು ನಿಂತಿತು. ರೆಜಿನಾ ನನ್ನನ್ನು ಕೆಲಸದ ತೊಟ್ಟಿಯಿಂದ ತೆಗೆದು ಕಿಟಕಿಯ ಬಳಿ ಒಂದು ಸಣ್ಣ ತೊಟ್ಟಿಯಲ್ಲಿ ಒಬ್ಬಳನ್ನೇ ಇಟ್ಟಳು. ಪರೀಕ್ಷೆಗೆ ಈಗ ಹರೆಯದವರಿದ್ದಾರೆ. ಕಲ್ಲಿನ ನೀರಿನ ತಟ್ಟೆಯಲ್ಲಿ ಈಗ ಒಂದಷ್ಟು ಮರಿಗಳು ನೇರ ಬೆಳೆಯುತ್ತವೆ, ಒಂದಷ್ಟು ಬೆಳೆಯುವುದಿಲ್ಲ. ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ. ಇದು ಒಳ್ಳೆಯ ಸುದ್ದಿಯೇ ಎಂದು ತುಳಸು ಪ್ರತಿ ಸಲ ಕೇಳುತ್ತಾಳೆ. ರೆಜಿನಾ ಪ್ರತಿ ಸಲ, “ಕೆಟ್ಟದ್ದಲ್ಲ,” ಎನ್ನುತ್ತಾಳೆ.

ಮೊನ್ನೆ ಬಾಟ್ಲಿ ತಂದವಳು ತುಳಸುವಲ್ಲ. ಜಟ್ಟಿಯೇ ಬಂದಿದ್ದ. ಬಾಟ್ಲಿಯನ್ನು ಮೇಜಿನ ಮೇಲಿಟ್ಟು, ರೆಜಿನಾ ಕೂರಿ ಎಂದರೂ ಕೂರದೆ, ಕಿಟಕಿಯ ಬಳಿ ಬಂದು ನನ್ನ ತೊಟ್ಟಿಯ ಮುಂದೆ ನಿಂತ.

“ಇದೇನಾ ಅದು?”

“ಇದೇ ಜಟ್ಟಣ್ಣ. ಮುದುಕಿ ಆಗಿದೆ.”

ಅವನು ತೊಟ್ಟಿಯ ಮೇಲೆ ಕೈ ತಂದ. ಬೆರಳು ನೀರಿಗೆ ತಾಗುವ ಮೊದಲೇ ಹಿಂದಕ್ಕೆ ಎಳೆದುಕೊಂಡ. ಕೈಯನ್ನು ತಿರುಗಿಸಿ ನೋಡಿಕೊಂಡ. ಉಗುರುಗಳ ಸಂದಿಯಲ್ಲಿ ಕೆಂಪು ಇತ್ತು. ತೊಳೆದರೂ ಹೋಗದ ಕೆಂಪು.

“ಇದ್ಕೆ ನನ್ನ ಮೇಲೆ ಸಿಟ್ಟದ್ಯಾ ಅಕ್ಕೋರೆ?”

ರೆಜಿನಾ ನಗಲಿಲ್ಲ. “ಸಿಟ್ಟು ಇಟ್ಕೊಳ್ಳೋಕೆ ಅದಕ್ಕೆ ಜಾಗವೇ ಇಲ್ಲ ಜಟ್ಟಣ್ಣ. ಮಿದುಳೇ ಇಲ್ಲ.”

ಅವನು ತಲೆಯಾಡಿಸಿದ. ಆಮೇಲೆ ಅಂಗೈಯನ್ನು ಹೊರಗಿನಿಂದಲೇ ಗಾಜಿಗೆ ಒತ್ತಿ ಹಿಡಿದ. ಕಿಟಕಿಯ ಬಿಸಿಲು ಅಲ್ಲಿ ಮರೆಯಾಗಿ, ತೊಟ್ಟಿಯೊಳಗೆ ಅಂಗೈಯಷ್ಟು ನೆರಳು ಬಿತ್ತು. ಬಿಸಿಲಿನಿಂದ ನೆರಳಿಗೆ ಸರಿಯುವುದು ನಮ್ಮ ಜಾತಿಯ ಅಭ್ಯಾಸ. ನಾನು ಮೆಲ್ಲಗೆ, ಕಾಲು ಕಾಲು ಎತ್ತಿಟ್ಟು, ಆ ನೆರಳಿಗೆ ಹೋದೆ. ಗಾಜಿನ ಈಚೆ ಅವನ ಅಂಗೈಗೆ ಎದುರಾಗಿ ನನ್ನ ಪುಟ್ಟ ಕಾಲುಗಳನ್ನು ಅಂಟಿಸಿ ನಿಂತೆ.

ಜಟ್ಟಿ ಗಾಜಿನ ಹತ್ತಿರಕ್ಕೆ ಬಗ್ಗಿದ. “ಬಂತು,” ಎಂದ, ಬಹಳ ಮೆಲ್ಲಗೆ.

ರೆಜಿನಾ ಅವನು ತಂದ ಬಾಟ್ಲಿಯ ಮೇಲೆ ಹೆಸರು ಬರೆಯತೊಡಗಿದಳು. ನಾನು ನೆರಳಿಗಾಗಿ ಮಾತ್ರ ಹೋದದ್ದು ಎಂದು ಅವಳು ಹೇಳಬಹುದಿತ್ತು. ಅಷ್ಟೇ ನಿಜವಿರಬೇಕು. ಆದರೆ ಅವನು ಕೈ ತೆಗೆಯಲಿಲ್ಲ. ಕಿಟಕಿಯ ಬಿಸಿಲು ಸರಿದು, ತೊಟ್ಟಿಯ ತುಂಬ ನೆರಳಾಗಿ, ಇನ್ನು ಎಲ್ಲಿ ಬೇಕಾದರೂ ಹೋಗಬಹುದು ಎಂದಾದ ಮೇಲೂ ನಾನು ಅಲ್ಲಿಂದ ಕದಲಲಿಲ್ಲ. ಏಕೆ ಕದಲಲಿಲ್ಲ ಎಂದು ನನಗೆ ಗೊತ್ತಿಲ್ಲ.